ಧ್ವನಿಯ ವೈರು

ಟಿವಿ ಜೋಡಿಸುವುದು ನನ್ನ ಕೆಲಸ. ಒಮ್ಮೆ ಬೆಳ್ಳಟ್ಟಿಯ ಒಂದು ಮನೆಗೆ ಹೊಸ ಟಿವಿ ಹಚ್ಚಲು ಹೋಗಿದ್ದೆ. ಕೆಲಸ ಮುಗಿಯುವಷ್ಟರಲ್ಲಿ ಮನೆಯಾಕೆ ಗಂಗಕ್ಕ ಹಳೆಯ ಡಿವಿಡಿ ಪ್ಲೇಯರ್ ತಂದಿಟ್ಟರು.

“ಇದನ್ನೂ ಹಚ್ಚಿಕೊಡ್ರಿ. ನಮ್ಮ ಮದುವಿ ಸೀಡಿ ಐತಿ. ತವರಿನಿಂದ ಕಳಿಸೋ ಮುಂದ ನಾ ಅಳಲಿಲ್ಲ, ಇವರೇ ಅತ್ತರು ಅಂದ್ರ ಮಕ್ಕಳು ನಂಬವಲ್ರು.”

“ನಾ ಯಾಕ ಅಳಲಿ?” ಎಂದರು ಗಂಡ ಶೇಖಪ್ಪ.

ನಾನು ಒಯ್ದಿದ್ದ ಎಚ್‌ಡಿಎಂಐ ಕೇಬಲ್ ಆ ಪ್ಲೇಯರಿಗೆ ಕೂಡಲಿಲ್ಲ. ಅದರ ಹಿಂದೆ ಮೂರು ದುಂಡನೆಯ ತೂತುಗಳಷ್ಟೇ ಇದ್ದವು. ಚೀಲ ತಡಕಾಡಿ ಮೂರು ಬಣ್ಣದ ವೈರು ತೆಗೆದು, ಮೊದಲು ಚಿತ್ರದ ಹಳದಿ ಪಿನ್ನು ಚುಚ್ಚಿ ಸೀಡಿ ಹಾಕಿದೆ. ಪರದೆಯ ಮೇಲೆ ಮದುಮಗ ವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ.

“ನೋಡ್ರಿ, ಬೆವರು ಒರಸಾಕತ್ತೀನಿ!” ಶೇಖಪ್ಪ ಗೆದ್ದವರಂತೆ ನಕ್ಕರು.

“ಧ್ವನಿ ಎಲ್ಲೈತ್ರಿ?” ಎಂದರು ಗಂಗಕ್ಕ.

ಬಿಳಿ, ಕೆಂಪು ಪಿನ್ನುಗಳನ್ನೂ ಚುಚ್ಚಿದೆ. ಮನೆ ತುಂಬ ಬಿಕ್ಕಳಿಕೆ! “ಅತ್ತೀ, ಆಕೀನ್ನ ಚಲೋ ನೋಡ್ಕೋತೀನ್ರೀ” ಎಂದು ಮದುಮಗ ಗೋಳೋ ಎನ್ನುತ್ತಿದ್ದ.

ಮಕ್ಕಳು ಬಿದ್ದು ಬಿದ್ದು ನಕ್ಕರು. ಗಂಗಕ್ಕ ಮಾತ್ರ ನಗಲಿಲ್ಲ. ಗಂಡನ ಪಕ್ಕ ಬಂದು ಕುಳಿತು, “ನೋಡ್ಕೊಂಡೀರಿ ಬಿಡ್ರಿ” ಎಂದರು.

ಈಗ ಯಾರ ಮನೆಯಲ್ಲೇ ಆಗಲಿ, ಧ್ವನಿಯ ವೈರು ಚುಚ್ಚುವ ಮೊದಲು ಯಜಮಾನರ ಮುಖವನ್ನೊಮ್ಮೆ ನೋಡುತ್ತೇನೆ.