ಗಾಳಿ ಎಳೆದ ಪಂಪಿಗೆ ಗ್ಯಾರಂಟಿ ಇಲ್ಲ

ತಿಪಟೂರಿನಲ್ಲಿ ನನ್ನ ಕೊಬ್ಬರಿ ಅಂಗಡಿಗೂ ಮಹಾಂತೇಶನ ಪಂಪ್ ರಿಪೇರಿ ಶಾಪಿಗೂ ನಡುವೆ ಒಂದೇ ಗೋಡೆ. ಮೂವತ್ತು ವರ್ಷ ಅವನ ಲೇತಿನ ಕಿರುಚಾಟ ಕೇಳಿಕೊಂಡೇ ವ್ಯಾಪಾರ ಮಾಡಿದವನು ನಾನು. ಹಾಗಾಗಿ ಅವನ ವಿಷಯ ಬರೆಯುವ ಹಕ್ಕು ನನಗಿಂತ ಹೆಚ್ಚಾಗಿ ಇರುವುದು ಅವನ ಹೆಂಡತಿ ವಿಮಲಮ್ಮನಿಗೆ ಮಾತ್ರ. ಆಕೆ ಬರೆಯುವವರಲ್ಲ, ಮುಖಕ್ಕೇ ಹೇಳಿಬಿಡುವವರು.

ಶಾಪಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಒಂದು ಸಾಲು ಬರೆಸಿದ್ದಾನೆ: 'ಗಾಳಿ ಎಳೆದ ಪಂಪಿಗೆ ಗ್ಯಾರಂಟಿ ಇಲ್ಲ.' ನಮ್ಮ ಸೀಮೆಯಲ್ಲಿ ತೋಟವೆಂದರೆ ಬೋರ್‌ವೆಲ್. ಬೋರಿನ ನೀರು ಕೆಳಗಿಳಿದಾಗ ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಒಳಗೆ ತಿರುಗುವ ಇಂಪೆಲ್ಲರ್‌ಗಳು ಒಣಗಿ, ಕಾದು, ಕರಗಿ ಕೂರುತ್ತವೆ. ಹೊನ್ನವಳ್ಳಿಯವರು, ಬಿಳಿಗೆರೆಯವರು ಅಂಥ ಪಂಪು ಹೊತ್ತು ತಂದರೆ ಮಹಾಂತೇಶನದು ಮೊದಲು ಬೈಗುಳ, ಆಮೇಲೆ ರಿಪೇರಿ. "ಎರಡ್ ಲೆಂತ್ ಪೈಪ್ ಜಾಸ್ತಿ ಇಳಿಸ್ರಪ್ಪಾ ಅಂತ ಬಡ್ಕೊಂಡೆ. ಮುಳುಗಿರೋದು ಯಾವತ್ತೂ ಕೆಡಲ್ಲ ಕಣ್ರೀ!" ಇದು ಅವನ ಮಂತ್ರ.

ಬದುಕಿನಲ್ಲೂ ಅವನು ಹಾಗೇ, ಎಲ್ಲದಕ್ಕೂ ಎರಡು ಲೆಂತ್ ಜಾಸ್ತಿ. ಒಬ್ಬಳೇ ಮಗಳು ಇಂಪನಾ ಮೈಸೂರಿನಲ್ಲಿ ಓದುವಾಗ ಎನ್‌ಸಿಸಿಯ ನೌಕಾದಳ ಸೇರಿ ದೋಣಿಯ ಹುಚ್ಚು ಹತ್ತಿಸಿಕೊಂಡಳು. ಓದು ಮುಗಿದ ಮೇಲೆ ಹೇಮಾವತಿ ಹಿನ್ನೀರಿನ ಜಲಕ್ರೀಡಾ ಕೇಂದ್ರವೊಂದರಲ್ಲಿ ತರಬೇತಿ ಕೊಡುವ ಕೆಲಸ ಹಿಡಿದಳು. ಆ ಸುದ್ದಿ ಬಂದ ವಾರ, ಈಜು ಬಾರದ ಮಹಾಂತೇಶ ಅವಳ ಲೈಫ್ ಜಾಕೆಟ್ ತೊಟ್ಟು ಕೆರೆಗಿಳಿದು ಅರ್ಧ ಗಂಟೆ ತೇಲಿಕೊಂಡಿದ್ದ. ಅದು ಮುಳುಗುವುದಿಲ್ಲವೆಂದು ಖಾತ್ರಿ ಆಗಬೇಕಿತ್ತಂತೆ. ದಡದಲ್ಲಿ ಹಗ್ಗ ಹಿಡಿದುಕೊಂಡು ನಿಂತ ಪೆದ್ದ ನಾನೇ.

ಹೋದ ವರ್ಷ ಆ ಕೇಂದ್ರದವರು ವೇಗದ ಸ್ಪರ್ಧೆಗೆಂದು ಹದಿಮೂರು ಅಡಿಯ ಹಗುರ ದೋಣಿಯೊಂದನ್ನು ಕೊಂಡರು. ಮೇಲ್ವಿಚಾರಕ ಶ್ರೀನಿವಾಸ್ ಇಂಪನಾಗೆ ಮೂರು ಭಾನುವಾರ ಕೊಟ್ಟರು. ಅಷ್ಟರೊಳಗೆ ಗಂಟೆಗೆ ಎಂಬತ್ತು ಕಿಲೋಮೀಟರ್ ಮುಟ್ಟಿದರೆ ರಾಷ್ಟ್ರಮಟ್ಟದ ಸ್ಪರ್ಧೆಗೆ ದೋಣಿಯ ಜೊತೆ ಅವಳೇ ಹೋಗಬಹುದು. ಮುಟ್ಟದಿದ್ದರೆ ದೋಣಿ ಬೇರೆ ಚಾಲಕರ ಕೈಗೆ. ಅವಳು ನೇರ ಅಪ್ಪನ ಶಾಪಿಗೆ ಬಂದಳು.

"ಅಪ್ಪಾಜಿ, ನೀರು ತಳ್ಳೋ ವಿಷ್ಯ ನಿಮಗಿಂತ ಯಾರಿಗೆ ಗೊತ್ತು? ನೀವೇ ಸೆಟ್ ಮಾಡಿಕೊಡಬೇಕು."

ಮಹಾಂತೇಶ ಅಂದು ಊಟ ಮಾಡಲಿಲ್ಲ. ಖುಷಿಯೋ ಭಯವೋ ನನಗೆ ತಿಳಿಯಲಿಲ್ಲ, ಅವನಿಗೂ ತಿಳಿದಿರಲಾರದು.

ಕೇಂದ್ರದಲ್ಲಿ ದೋಣಿಯ ಹಿಂಬದಿಗೆ ಬಿಗಿಯುವಂಥ ಎರಡು ಎಂಜಿನ್ ಇದ್ದವು, ಅರವತ್ತು ಎಚ್‌ಪಿಯದೊಂದು, ತೊಂಬತ್ತರದೊಂದು. ಶಾಪಿಗೆ ಬಂದವರೆಲ್ಲ ತೊಂಬತ್ತರ ಕಡೆಯೇ. ಬಿಳಿಗೆರೆಯ ದೊಡ್ಡಣ್ಣನವರಂತೂ, "ತೊಂಬತ್ತಕ್ಕೆ ಎಷ್ಟ್ ಇಂಚ್ ನೀರ್ ಬತ್ತದಪ್ಪಾ?" ಎಂದು ಗಂಭೀರವಾಗಿಯೇ ಕೇಳಿದರು. ಮಹಾಂತೇಶ ಮಾತ್ರ ಎರಡರ ತೂಕ ನೋಡಿ ಅರವತ್ತನ್ನೇ ಆರಿಸಿದ.

"ಸಣ್ಣ ಬೋರಿಗೆ ದೊಡ್ಡ ಮೋಟ್ರು ಬುಟ್ರೆ ಮಣ್ಣೆಳೀತದೆ. ಈ ದೋಣಿ ಹಿಂದ್ಗಡೆ ಅಷ್ಟು ಭಾರ ನೇತಾಕಿದ್ರೆ ಬಾಲ ಮುಳುಗ್ತದೆ, ಮೂತಿ ಆಕಾಶ ನೋಡ್ತದೆ. ಓಡೋದೆಲ್ಲಿಂದ?"

ಮಾತು ಸರಿಯಾಗಿತ್ತು. ಎಂಜಿನ್ನಿನಡಿ ತಿರುಗಿ ನೀರು ತಳ್ಳುವ ಪ್ರೊಪೆಲ್ಲರ್ ವಿಷಯದಲ್ಲೂ ಅವನ ಲೆಕ್ಕ ದಾರಿಗೆ ಬಂತು. ಒಂದು ಸುತ್ತಿಗೆ ಅದು ದೋಣಿಯನ್ನು ಎಷ್ಟು ಇಂಚು ಮುಂದೆ ತಳ್ಳಬೇಕೋ ಅದನ್ನು ಪಿಚ್ ಎನ್ನುತ್ತಾರೆ. ಮೊದಲ ಭಾನುವಾರ ನಾನೂ ಅವನ ಜೊತೆ ಹಿನ್ನೀರಿಗೆ ಹೋದೆ; ಇಪ್ಪತ್ತೊಂದರ ಪಿಚ್ ಹಾಕಿದ. ಹೆಚ್ಚು ತಳ್ಳಿದರೆ ಹೆಚ್ಚು ಓಡುತ್ತದೆಂದು ನಮ್ಮಂಥವರ ಎಣಿಕೆ. ಎಂಜಿನ್ ಏದುಸಿರು ಬಿಟ್ಟಿತೇ ಹೊರತು ಪೂರ್ತಿ ಸುತ್ತಲಿಲ್ಲ. ಅರವತ್ತೇಳಕ್ಕೆ ನಿಂತಿತು. ಎರಡನೆಯ ಭಾನುವಾರ ಹದಿನೇಳಕ್ಕೆ ಇಳಿಸಿದ. ಎಂಜಿನ್ ಪೂರ್ತಿ ಸುತ್ತಿತು, ವೇಗ ಎಪ್ಪತ್ತು. ಅದಕ್ಕಿಂತ ಒಂದು ಕೂದಲೆಳೆ ಮೇಲೇಳಲಿಲ್ಲ.

ಆಗ ಇಂಪನಾ ಮೆಲ್ಲಗೆ ಹೇಳಿದಳು. "ಅಪ್ಪಾಜಿ, ರೇಸ್ ದೋಣಿಗಳಲ್ಲಿ ಎಂಜಿನ್ ಮೇಲಕ್ಕೆ ಎತ್ತಿರ್ತಾರೆ. ಫುಲ್ ಸ್ಪೀಡಲ್ಲಿ ಪ್ರೊಪೆಲ್ಲರ್ ಅರ್ಧ ನೀರಿಂದ ಆಚೆ ಇರುತ್ತೆ."

"ಆಚೆ ಇದ್ರೆ ಗಾಳಿ ಎಳೀತದೆ!" ಮಹಾಂತೇಶ ಗದರಿದ. "ನೀರು ಬುಟ್ಟ ಫ್ಯಾನ್ ಏನ್ ತಳ್ಳೀತು? ಮುಳುಗಿರೋದು ಯಾವತ್ತೂ ಕೆಡಲ್ಲ."

ಎಂಜಿನ್ನನ್ನು ದೋಣಿಗೆ ಬಿಗಿಯುವ ತಟ್ಟೆಯಲ್ಲಿ ಒಂದರ ಮೇಲೊಂದು ನಾಲ್ಕು ಹಂತದ ತೂತುಗಳಿವೆ. ಯಾವ ಹಂತಕ್ಕೆ ಬೋಲ್ಟ್ ಹಾಕಿದರೆ ಎಂಜಿನ್ ಅಷ್ಟು ಎತ್ತರ. ಅವನು ಎಲ್ಲಕ್ಕಿಂತ ಕೆಳಗಿನದಕ್ಕೆ ಬಿಗಿದಿದ್ದ. ಇಂಪನಾ ತನ್ನ ಚೀಲ ಎತ್ತಿಕೊಂಡು ದೋಣಿ ಕಟ್ಟಲು ಹೋದಳು. ಆ ಬೆಳಿಗ್ಗೆ, ನಮ್ಮ ಓಟಕ್ಕೆ ಮೊದಲೇ, ಬೇರೆ ಊರಿನವರ ದೋಣಿಯೊಂದು ನಮ್ಮ ಮುಂದೆಯೇ ಹಾದುಹೋಗಿತ್ತು. ಅದರ ಪ್ರೊಪೆಲ್ಲರ್ ನೀರಿನ ಮೈ ಸವರುತ್ತಾ, ಹಿಂದೆ ಮನೆಯೆತ್ತರ ಬಿಳಿ ನೀರು ಚಿಮ್ಮಿಸುತ್ತಿತ್ತು. ಮಹಾಂತೇಶ ಅದನ್ನು ಕಣ್ಣು ಮಿಟುಕಿಸದೆ ನೋಡಿದ್ದ.

ಆ ಬುಧವಾರ ಬೆಳಿಗ್ಗೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ. ವಿಮಲಮ್ಮ ಕಾಯಿ ತುರಿಯುತ್ತಾ ಗಂಡನನ್ನು ಕೇಳಿದರು. "ಏನ್ರೀ, ಮೇಲಿನ ತೂತಿಗೆ ಹಾಕಿದ್ರೆ ಏನಾಯ್ತದೆ?"

"ನೀರೊಳಗೆ ಇಳಿಬಿಟ್ಟಿರೋ ಎಂಜಿನ್ನಿನ ಕಾಲು ನೀರನ್ನ ಸೀಳೋದು ಕಮ್ಮಿ ಆಯ್ತದೆ. ವೇಗ ಬತ್ತದೆ."

"ಹಂಗಾದ್ರೆ ಗೊತ್ತದೆ ನಿಮಗೆ."

ಅವನು ಉಪ್ಪಿಟ್ಟಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ನನಗೆ ಸಿಟ್ಟು ಬಂತು. "ಲೇ ಮಾಂತೇಶ, ಗೊತ್ತಿದ್ದೂ ಆ ಹುಡ್ಗಿ ಎರಡು ಭಾನುವಾರ ಹಾಳು ಮಾಡಿದ್ಯೇನ್ಲಾ?" ಎಂದೆ.

"ಮೊದಲ್ನೇದು ಗೊತ್ತಿರ್ಲಿಲ್ಲ ಕಣ್ಲಾ ಗಂಗಾಧರ. ಎರಡ್ನೇದು..." ಅಲ್ಲಿಗೆ ನಿಲ್ಲಿಸಿ ಎದ್ದು ಶಾಪಿಗೆ ಹೋದ.

ಆಮೇಲೆ ಮೂರು ದಿನ ಲೇತು ಬೇರೆಯದೇ ರಾಗದಲ್ಲಿ ಕಿರುಚಿತು. ಗಾಳಿಯ ವಿಷಯದಲ್ಲಿ ಅವನ ಭಯ ಪೂರ್ತಿ ಸುಳ್ಳಲ್ಲ. ಪ್ರೊಪೆಲ್ಲರಿನ ಎಲೆಗಳು ನೀರಿನ ಆಚೆ ಬಂದು ಹೋಗಬಹುದು, ಆದರೆ ಎಂಜಿನ್ ತಂಪಾಗಿರಲು ನೀರು ಕುಡಿಯುವ ಬಾಯಿ ಆಚೆ ಬಂದರೆ ಅದು ನಮ್ಮ ಬೋರಿನ ಪಂಪಿನಂತೆಯೇ ಸುಟ್ಟುಹೋಗುತ್ತದೆ. ಅದಕ್ಕಾಗಿ ಎಂಜಿನ್ನಿನ ಕಾಲಿನ ತುದಿಗೆ, ತೀರಾ ಕೆಳಗೆ ನೀರು ಹಿಡಿಯುವ ಹೊಸ ಬಾಯಿಯೊಂದನ್ನು ತಾನೇ ಕಡೆದ. ಹತ್ತೊಂಬತ್ತರ ಪಿಚ್ಚಿನ ಸ್ಟೀಲ್ ಪ್ರೊಪೆಲ್ಲರ್ ತರಿಸಿ, ನೊರೆ ನೀರಿನಲ್ಲೂ ಹಿಡಿತ ತಪ್ಪದಿರಲೆಂದು ಎಲೆಗಳ ಅಂಚನ್ನು ಸುತ್ತಿಗೆಯಿಂದ ತಟ್ಟಿ ತಟ್ಟಿ ಸ್ವಲ್ಪ ಒಳಕ್ಕೆ ಬಾಗಿಸಿದ. ಆ ಏಟುಗಳು ಎಷ್ಟು ಮೆತ್ತಗಿದ್ದವೆಂದರೆ ಗೋಡೆಯಾಚೆ ನನಗೆ ಕೇಳಿಸುತ್ತಲೇ ಇರಲಿಲ್ಲ.

ಮೂರನೆಯ ಭಾನುವಾರ ವಿಮಲಮ್ಮನೂ ಬಂದರು. ಶ್ರೀನಿವಾಸ್, "ಎರಡು ಓಟ ಅಷ್ಟೇ ಸಾರ್," ಎಂದು ಮೊದಲೇ ಹೇಳಿಬಿಟ್ಟರು. ಮಹಾಂತೇಶ ಎಂಜಿನ್ನನ್ನು ಮೂರನೆಯ ತೂತಿಗೆ ಎತ್ತಿ ಬಿಗಿದ. ಇಂಪನಾ ಹೋಗಿ ಬಂದಳು. ಎಪ್ಪತ್ತೆಂಟು.

ಇನ್ನು ಉಳಿದಿದ್ದು ಒಂದು ಓಟ, ಒಂದು ತೂತು.

ಮಹಾಂತೇಶ ಮೊಣಕಾಲುದ್ದ ನೀರಿನಲ್ಲಿ ಎಂಜಿನ್ ಹಿಡಿದು ನಿಂತಿದ್ದ. ಬೋಲ್ಟಿನ ಮೇಲೆ ಕೈ ಇಟ್ಟ, ತೆಗೆದ. ಮತ್ತೆ ಇಟ್ಟ. ಕೊನೆಗೆ ಮಗಳ ಕಡೆ ತಿರುಗಿದ.

"ಸುಳ್ಳು ಹೇಳ್ದೆ ಕಣವ್ವಾ. ಪಂಪಿನ ನೆವ ಹೇಳ್ದೆ. ಮೇಲಕ್ಕೆತ್ತಿದಷ್ಟೂ ದೋಣಿ ನೀರು ಬುಡ್ತದೆ, ಒಂದು ಅಲೆ ತಪ್ಪಿದ್ರೆ ಮಗುಚ್ತದೆ ಅಂತ ಆ ದೋಣಿ ನೋಡಿದಾಗ್ಲೇ ಗೊತ್ತಾಯ್ತು. ನೀನು ಎಪ್ಪತ್ತರಲ್ಲೇ ಸೋತು ಮನೇಗೆ ಬಂದ್ರೆ ಸಾಕು ಅನ್ನಿಸ್ತು. ಹೆದ್ರಿಕೆ ನಂದು."

ಇಂಪನಾ ಹೆಲ್ಮೆಟ್ಟಿನ ಗಾಜು ಮೇಲಕ್ಕೆ ಸರಿಸಿದಳು. ಕಾಲ ಬಳಿಯಿದ್ದ ಚೀಲದಿಂದ ಸ್ಪ್ಯಾನರ್ ತೆಗೆದು ಅಪ್ಪನ ಮುಂದೆ ಹಿಡಿದಳು. ಆ ಬೋಲ್ಟಿನದೇ ಅಳತೆ.

"ಮೂರು ವಾರದಿಂದ್ಲೂ ಇದು ನನ್ನತ್ರಾನೇ ಇತ್ತು ಅಪ್ಪಾಜಿ. ನೀವು ಊರಿಗೆ ಹೋದ್ಮೇಲೆ ನಾನೇ ಎತ್ಕೊಂಡು ಓಡಿಸಬಹುದಿತ್ತು."

"ಮತ್ಯಾಕೆ ಎತ್ಲಿಲ್ಲ?"

"ನೀವು ಎತ್ತಿದ್ರೆ ನನಗೆ ಭಯ ಇರಲ್ಲ."

ವಿಮಲಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ. ಮಹಾಂತೇಶ ಸ್ಪ್ಯಾನರ್ ಇಸಕೊಂಡು ಬೋಲ್ಟುಗಳನ್ನು ಸಡಿಲಿಸಿ, ಎಂಜಿನ್ನಿಗೆ ಹೆಗಲು ಕೊಟ್ಟು ಕೊನೆಯ ತೂತಿಗೆ ಎತ್ತಿದ. ಒಂದೊಂದು ಬೋಲ್ಟನ್ನೂ ಎರಡೆರಡು ಸಲ ಬಿಗಿದ. ಅವಳ ಜಾಕೆಟ್ಟಿನ ಪಟ್ಟಿಯನ್ನೂ ಎಳೆದು ನೋಡಿದ.

ದೋಣಿ ಹೊರಟಿತು. ದೂರ ಹೋದಂತೆ ಅದರ ಹೊಟ್ಟೆ ನೀರಿನಿಂದ ಮೇಲೆದ್ದು, ಹಿಂದೆ ಬಿಳಿ ನೀರಿನ ಗೋಡೆ ಚಿಮ್ಮಿತು. ಉದ್ದಕ್ಕೂ ಹೋಗಿ, ತಿರುಗಿ, ನಮ್ಮ ಮುಂದೆಯೇ ಹಾದು ಬಂತು. ನಾವೆಲ್ಲ ವೇಗ ತೋರಿಸುವ ಹಲಗೆಯನ್ನು ನೋಡುತ್ತಿದ್ದರೆ ಮಹಾಂತೇಶ ಎಂಜಿನ್ನಿನ ಪಕ್ಕದಲ್ಲಿ ಚಿಮ್ಮುವ ಬೆರಳು ಗಾತ್ರದ ಧಾರೆಯನ್ನು ನೋಡುತ್ತಿದ್ದ. ಆ ಧಾರೆ ಇದ್ದರೆ ಎಂಜಿನ್ ನೀರು ಕುಡಿಯುತ್ತಿದೆ ಎಂದರ್ಥ.

"ಎಂಬತ್ತೆರಡು!" ಶ್ರೀನಿವಾಸ್ ಕೂಗಿದರು. ನಾನು ಮಹಾಂತೇಶನ ಬೆನ್ನಿಗೆ ಗುದ್ದಿದೆ. ಅವನಿಗೆ ಆ ಕೂಗು ಕೇಳಿಸಿತೋ ಇಲ್ಲವೋ, ಪ್ಯಾಂಟು ಮಡಚದೆ ಸೊಂಟದ ತನಕ ನೀರಿಗಿಳಿದು ದೋಣಿಯ ಅಂಚು ಹಿಡಿದುಕೊಂಡ.

"ಧಾರೆ ಎಲ್ಲಾದ್ರೂ ನಿಂತಿತ್ತೇನವ್ವಾ?"

"ಒಂದ್ಸಲಾನೂ ನಿಲ್ಲಲಿಲ್ಲ ಅಪ್ಪಾಜಿ."

ಈಜು ಬಾರದ ಮನುಷ್ಯ ಜಾಕೆಟ್ ಇಲ್ಲದೆ ಅಷ್ಟು ಆಳಕ್ಕೆ ಇಳಿದಿದ್ದು ಅದೇ ಮೊದಲು. ಈ ಸಲ ನಾನು ಹಗ್ಗ ತಂದಿರಲಿಲ್ಲ. ಮಗಳು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.