ಗಡಿಯಲ್ಲಿ ಸಿಗದ ಉಪಗ್ರಹ

ನಾಗಲಗಿದ್ದದ ಗಡಿ ಹೊಲಗಳಲ್ಲಿ ಜಿಪಿಎಸ್‌ಗೆ ಉಪಗ್ರಹ ಸಿಗುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಫೋನು ಒಮ್ಮೆ ಕರ್ನಾಟಕ, ಒಮ್ಮೆ ತೆಲಂಗಾಣ ಎನ್ನುವ ಕಡೆ ಉಪಗ್ರಹಕ್ಕೂ ಗೊಂದಲವಾಗುತ್ತದೆ ಎಂಬುದು ನಮ್ಮ ಭೂಮಾಪನ ಕಚೇರಿಯ ವಾದ. ಆಕಾಶಕ್ಕೆ ರಾಜ್ಯಗಳಿಲ್ಲ ಎಂದು ನಾನು ಹೇಳಿ ನೋಡಿದ್ದೆ.

ಆ ದಿನ ಅಣ್ಣತಮ್ಮಂದಿರಿಬ್ಬರ ಹೊಲದ ನಡುವೆ ಕಿತ್ತುಹೋಗಿದ್ದ ಗಡಿಕಲ್ಲಿನ ಜಾಗ ತೋರಿಸಬೇಕಿತ್ತು. ನೀರಿದ್ದ ಒಂದೇ ಬೋರು ಯಾರ ಪಾಲು ಎಂಬುದು ಅದರ ಮೇಲೆ ನಿಂತಿತ್ತು.

ಸರಪಳಿ ಹಿಡಿದು ಅಳೆಯುವ ಕಾಲದಲ್ಲಿ ಮೋಸ ಆಗದಿರಲೆಂದು ಎರಡೂ ಕಡೆಯವರು ಅದಕ್ಕೆ ಕೈ ಹಚ್ಚುತ್ತಿದ್ದರು. ಆ ರೂಢಿಯಂತೆ ಇಬ್ಬರೂ ನನ್ನ ಕೈಲಿದ್ದ ಜಿಪಿಎಸ್ ಮೇಲೆ ಬಲಗೈ ಇಟ್ಟರು. ಎಡಗೈಯಲ್ಲಿ ಬಡಿಗೆ ಇತ್ತು.

ಪರದೆಯಲ್ಲಿ ಒಂದೂ ಉಪಗ್ರಹ ಮೂಡಲಿಲ್ಲ. ಬ್ಯಾಟರಿ ಬದಲಿಸಿದೆ. ಬೇವಿನ ಮರ ಬಿಟ್ಟು ಬಯಲಿಗೆ ಬಂದೆ. ಅವರೂ ಕೈ ತೆಗೆಯದೆ ಜೊತೆಗೇ ನಡೆದರು. ಹೊತ್ತು ಇಳಿಯುತ್ತಿತ್ತು.

"ಸಾಬ್, ಇಂವ ಏನರ ಮಾಡ್ಯಾನ್ರಿ," ಎಂದ ಅಣ್ಣ.

"ನಾ ಏನ್ ಆಕಾಶಕ್ಕ ಹೋಗಿ ಬಂದೀನೇನು?" ಎಂದ ತಮ್ಮ.

ಉಸಿರಾಡಲು ಜಾಗ ಸಿಕ್ಕರೆ ಸಾಕಾಗಿ, "ಕೈ ತೆಗೀರಿ" ಎಂದೆ.

"ಮೊದ್ಲು ಅಂವ ತಗೀಲಿ," ಎಂದು ಇಬ್ಬರೂ ಒಟ್ಟಿಗೇ ಹೇಳಿದರು.

ಕೊನೆಗೆ ತಮ್ಮ ಅದೇ ಬಲಗೈಯಿಂದ ಅಣ್ಣನ ಕೊರಳಪಟ್ಟಿ ಹಿಡಿದ. ಅಣ್ಣನೂ ಅವನದನ್ನು ಹಿಡಿದ. ನಾನು ಓಡಲು ದಾರಿ ಹುಡುಕುತ್ತಿರುವಾಗ ಜಿಪಿಎಸ್ ಕುಂಯ್ ಎಂದಿತು. ಪರದೆಯ ತುಂಬ ಉಪಗ್ರಹಗಳು. ಕಲ್ಲಿನ ಜಾಗ ಸಿಕ್ಕಿತು, ಬೋರು ತಮ್ಮನದಾಯಿತು.

ಆಂಟೆನಾ ಇದ್ದದ್ದು ಅವರು ಕೈ ಇಟ್ಟಿದ್ದ ಜಾಗದಲ್ಲಿ.