ಚಿಕ್ಕತಾಯಮ್ಮನನ್ನು ಕೂರಿಸಿದ ದಿನ

ಕಳೆದ ವಾರ ಮೈಸೂರಿನ ವಿಜಯನಗರದಲ್ಲಿ ನನ್ನ ಸ್ಕೂಟರ್ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬು ಉಜ್ಜಿ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎದ್ದು ರಸ್ತೆಯಾಚೆ ಹೋಗಿ ನಿಂತೆ. "ತಲೆ ತಿರುಗ್ತಾ ಯಜಮಾನ್ರೇ?" ಎಂದ. ಇಲ್ಲವೆಂದೆ. ಅವನಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ದೇವರಾಜ ಮೊಹಲ್ಲಾದಲ್ಲಿ ನನ್ನದೊಂದು ಬಟ್ಟೆ ಅಂಗಡಿಯಿತ್ತು. ಓದಿದ್ದು ಎಸ್ಸೆಸ್ಸೆಲ್ಸಿ, ಮೈಕು ಸಿಕ್ಕರೆ ಮಾತ್ರ ಪದವೀಧರನಾಗಿಬಿಡುತ್ತಿದ್ದೆ. ಹಾಗಾಗಿ ಮನೆ ಹತ್ತಿರದ ಹೈಸ್ಕೂಲಿನ ಪೋಷಕರ ಸಮಿತಿಗೆ ನಾನೇ ಅಧ್ಯಕ್ಷ. ಆ ವರ್ಷ ಸರ್ಕಾರದ ಅನುದಾನ ಬಂತು. ಮಕ್ಕಳು ಅಮಲಿನ ಚಟಕ್ಕೆ ಬೀಳದಂತೆ ತಂದೆತಾಯಂದಿರನ್ನು ಸಣ್ಣ ಗುಂಪುಗಳಲ್ಲಿ ನಾಲ್ಕು ಸಂಜೆ ಸೇರಿಸಿ, ಅವರ ಮಾತು ಕೇಳಬೇಕೆಂದು ಆದೇಶದಲ್ಲಿತ್ತು. ಹೆಡ್‌ಮಾಸ್ಟರು ಅದನ್ನು ಎರಡು ಸಲ ಓದಿದರು.

"ನಾಲ್ಕು ಸಂಜೆ ಯಾರ್ ಬರ್ತಾರೆ ಸಾರ್? ಒಂದೇ ದಿನ ಜೋರಾಗಿ ಮಾಡ್ಬುಡೋಣ," ಎಂದೆ.

ಜೋರು ಅಂದರೆ ನಮ್ಮೂರಿನಲ್ಲಿ ಏನೆಂದು ನಿಮಗೇ ಗೊತ್ತು. ಶಾಮಿಯಾನ, ಏಳು ಜನ ಅತಿಥಿಗಳು, ಏಳೂ ಜನಕ್ಕೆ ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಶಾಲುಗಳು ನಮ್ಮ ಅಂಗಡಿಯವೇ, ಅದನ್ನೂ ಹೇಳಿಬಿಡುತ್ತೇನೆ. ಒಬ್ಬರಿಗೆ ಪೇಟ ದೊಡ್ಡದಾಗಿ ಕಣ್ಣಿನ ಮೇಲೆ ಇಳಿಯಿತು. ಅದನ್ನು ಸರಿಮಾಡಲು ಹಿಡಿದಷ್ಟು ಹೊತ್ತನ್ನು ನಾವು ಯಾವ ತಾಯಿಗೂ ಕೊಡಲಿಲ್ಲ.

ಐದನೆಯ ಪೇಟದ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಹಿನಕಲ್ಲಿನ ಚಿಕ್ಕತಾಯಮ್ಮ ಎದ್ದು ನಿಂತರು. ಮನೆಗೆಲಸದವರು; ಎರಡು ಮನೆ ಕೆಲಸ ಬಿಟ್ಟು ಬಂದಿದ್ದರು.

"ಸ್ವಾಮಿ, ನನ್ ಮಗ ಮಾದೇವನ ಅಂಗಿ ತುಂಬ ಪಂಕ್ಚರ್ ಸಲ್ಯೂಷನ್ ವಾಸ್ನೆ. ಕೇಳುದ್ರೆ ಸೈಕಲ್ ರಿಪೇರಿ ಅಂತಾನೆ. ನಮ್ಮನೇಲಿ ಸೈಕಲ್ಲೇ ಇಲ್ಲ. ಏನ್ ಮಾಡ್ಲಿ?"

ಜನ ನಕ್ಕರು. ಅದನ್ನು ಮೂಸಿ ಅಮಲೇರಿಸಿಕೊಳ್ಳುವ ಹುಡುಗರಿದ್ದಾರೆಂದು ವೇದಿಕೆಯಲ್ಲಿದ್ದ ನಮಗೆಲ್ಲ ಗೊತ್ತಿತ್ತು. ಆದರೂ ನಾನು ಮೈಕಿನಲ್ಲಿ, "ಕೂತ್ಕೊಳಮ್ಮ, ಸನ್ಮಾನ ಮುಗೀಲಿ, ಕೊನೇಲಿ ಕೇಳೋಣ," ಎಂದೆ. ಆಕೆ ಕೂತರು. ಕೊನೆಯಲ್ಲಿ ವಂದನಾರ್ಪಣೆಯಾಯಿತು, ಊಟವಾಯಿತು. ಪೋಷಕರ ಸಂದೇಹಗಳನ್ನು ಪರಿಹರಿಸಲಾಯಿತು ಎಂದು ಇಲಾಖೆಗೆ ವರದಿ ಬರೆದು ಸಹಿ ಹಾಕಿದವನು ನಾನೇ. ಯಾರೂ ಒತ್ತಾಯ ಮಾಡಿರಲಿಲ್ಲ.

ಮಾದೇವ ಆ ವರ್ಷವೇ ಶಾಲೆ ಬಿಟ್ಟ. ಈಗ ನಲವತ್ತರ ಆಸುಪಾಸಿನಲ್ಲಿದ್ದಾನೆ. ಕೈ ನಡುಗುವುದರಿಂದ ಅಂಗಿಯ ಗುಂಡಿ ತಾಯಿಯೇ ಹಾಕಬೇಕು. ಇದು ಗೊತ್ತಾದ ಮೇಲೆ, ಮಾರ್ಕೆಟ್ಟಿನಲ್ಲಿ ಆಕೆ ಎದುರಾದರೆ ವ್ಯಾಪಾರಕ್ಕೆ ಬಂದವನಂತೆ ಪಕ್ಕದ ಅಂಗಡಿಗೆ ನುಗ್ಗುತ್ತಿದ್ದೆ. ಹಾಗೆ ಕೊಂಡ ಬೇಡದ ಸೋರೆಕಾಯಿಗಳನ್ನು ಮನೆಯವರು ಯಾಕೆಂದು ಕೇಳದೆ ಬೇಯಿಸಿದರು.

ಈಗ ಅದೇ ಶಾಲೆಗೆ ಅಂಥದೇ ಅನುದಾನ ಮತ್ತೆ ಬಂದಿದೆ. ಹಿರಿಯರೆಂದು ನನಗೂ ಸನ್ಮಾನವಂತೆ. ಪಂಕ್ಚರ್ ಆದ ದಿನ ಸ್ಕೂಟರನ್ನು ನೇರ ಶಾಲೆಗೆ ಓಡಿಸಿ, ಸನ್ಮಾನ ಬೇಡ, ವೇದಿಕೆಯೂ ಬೇಡ, ಆದೇಶದಂತೆ ನಾಲ್ಕು ಸಂಜೆ ಕೂರೋಣ ಎಂದೆ. ಹೊಸ ಹೆಡ್‌ಮಾಸ್ಟರು ಒಪ್ಪುವವರೆಗೂ ಕುರ್ಚಿ ಬಿಟ್ಟೇಳಲಿಲ್ಲ. ಅಲ್ಲಿಂದ ಹಿನಕಲ್ಲಿಗೆ ಹೋದೆ.

ಚಿಕ್ಕತಾಯಮ್ಮ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. "ಈಗ್ ನಾನ್ ಬಂದು ಏನ್ ಹೇಳ್ಲಿ?"

"ಮಗನ ಬಗ್ಗೆ ನಿಮಗೆ ಮೊದಲು ಹೆಂಗೆ ಅನುಮಾನ ಬಂತು ಅಂತ ಹೇಳಿ. ಬೇರೆ ತಾಯಂದಿರಿಗೆ ಗೊತ್ತಾಗಲಿ."

"ಬತ್ತೀನಿ. ಆದ್ರೆ ಮೊದ್ಲು ನೀವ್ ಎದ್ ನಿಂತು, ಅವತ್ತು ನನ್ನ ಯಾಕ್ ಕೂರ್ಸುದ್ರಿ ಅಂತ ಹೇಳ್ಬೇಕು. ನನ್ ಮಗನೂ ಬತ್ತಾನೆ. ಅವನ್ ಮುಂದೇನೇ ಹೇಳಿ."

ಮೊದಲ ಸಭೆ ನಾಳೆ ಸಂಜೆ ಐದಕ್ಕೆ. ಮಾದೇವನ ಮುಖ ನೋಡಿಕೊಂಡೇ ಹೇಳುತ್ತೇನೆ.